ಫ್ರಾನ್ಸಿನ ಹಳ್ಳಿಯಲ್ಲಿ ಮಾವನ ಮೂರು ಗಂಟೆಯ ಊಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗುಹೆಗೆ ಹೋದದ್ದು ಗುರುವಾರವೋ ಶುಕ್ರವಾರವೋ ಈಗ ಖಚಿತವಿಲ್ಲ. ಅತ್ತೆ ಆಡಿದ ಮಾತೊಂದನ್ನು ಕೆಳಗೆ ಬರೆಯುತ್ತೇನೆ. ಅದು ಅವರ ಬಾಯಿಂದಲೇ ಬಂದದ್ದು ಎಂದು ನನ್ನ ನಂಬಿಕೆ, ಆದರೆ ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ ಮಾತಿನ ಅಂಚುಗಳು ಸವೆದಿರುತ್ತವೆ.

ನನ್ನ ಸೋದರಮಾವನದು ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು. ಮನೆ ಅದೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ಕೆಳಗೆ ಅಷ್ಟು ದೊಡ್ಡ ಅಡುಗೆಮನೆ ಇದ್ದರೂ ಮಾವನಿಗೆ ಅತ್ತೆಯ ಕೈಯ ಸಾರೇ ಬೇಕು. ಮದುವೆಯಾಗಿ ಬಂದ ದಿನದಿಂದ ಅತ್ತೆ ಒಲೆ ಹಚ್ಚದ ದಿನವಿಲ್ಲ. ಒಂದು ಸಂಜೆ ತೆಂಗಿನಕಾಯಿ ತುರಿಯುತ್ತ ಅವರು ಅಂದರು: "ಒಂದು ವಾರ ಸುಮ್ನೆ ಕೂತ್ಕೊಳ್ಬೇಕು ಮಾರಾಯ್ತಿ, ಎಲ್ಲಿಯಾದ್ರೂ."

ನಾನು ಅದನ್ನು ಹಿಡಿದುಕೊಂಡೆ. ನನಗೆ ರಜೆ ಬಾಕಿ ಇತ್ತು. ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಮನೆಯೊಂದನ್ನು ವಾರದ ಬಾಡಿಗೆಗೆ ಗೊತ್ತುಮಾಡಿದೆ. ಮಾವ, ಅತ್ತೆ, ನಾನು. ಆ ಏಳು ದಿನ ಅತ್ತೆ ಅಡುಗೆಮನೆಗೆ ಕಾಲಿಡಬಾರದು ಎಂಬುದೊಂದೇ ನನ್ನ ಹಟ. ವೀಸಾ ಅರ್ಜಿಯ ಜೊತೆಗೆ ಲಗತ್ತಿಸಲು ಏಳು ದಿನದ ಪಟ್ಟಿಯನ್ನೂ ಮಾಡಿದೆ: ಏನು ನೋಡುವುದು, ಏನು ಮಾಡುವುದು, ಮಧ್ಯಾಹ್ನ ಎಲ್ಲಿ ಉಣ್ಣುವುದು.

ಕೆಲಸ ಮುಗಿಸಿ ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಅದನ್ನು ಮಾವನಿಗೆ ತೋರಿಸಲು ಹೋದೆ. ಅವರು ಗಲ್ಲಾದಲ್ಲಿ ಕೂತೇ ಕನ್ನಡಕ ಏರಿಸಿಕೊಂಡರು.

"ಬುಧವಾರ ಎಂತ ಇದು, ಆಡು ಸಾಕುವವರ ಮನೆ?"

"ಅಲ್ಲಿ ಚೀಸ್ ಮಾಡ್ತಾರೆ ಮಾವ. ನೋಡ್ಲಿಕ್ಕೆ ಬಿಡ್ತಾರೆ."

"ಹಾಲು ಕರೆಯೋದು ನೋಡ್ಲಿಕ್ಕೆ ವಿಮಾನ ಹತ್ಬೇಕಾ? ನಿನ್ನ ಗೋರೆಗಾಂವ್‌ನಲ್ಲೇ ತಬೇಲ ಉಂಟಲ್ಲ, ಎಮ್ಮೆಗಳಿಗೆ ಬೇಜಾರಾದೀತು." ಬೆರಳು ಕೆಳಗಿಳಿಯಿತು. "ಗುಹೆ. ಒಳಗೆ ಎಂತ ಉಂಟು?"

"ಆದಿಮಾನವರ ಚಿತ್ರ. ಕುದುರೆ, ಕಾಡೆತ್ತು."

"ಇಲ್ಲೇ ಇರುವ ಕನ್ಹೇರಿ ಗುಹೆ ನೋಡಿದ್ದೀಯಾ ನೀನು?"

"ಇಲ್ಲ."

"ಮತ್ತೆ?"

ಸಿಟ್ಟಿನಿಂದ ಅವರದೇ ಹೋಟೆಲಿನ ಕಾಫಿ ಕುಡಿದು ಅರ್ಧ ಬಿಟ್ಟೆ. ಅತ್ತೆಗೆ ಪಟ್ಟಿ ತೋರಿಸಿದೆನೇ? ತೋರಿಸಿರಬೇಕು. ಅವರು ಏನು ಅಂದರೆಂದು ನೆನಪಿಗೆ ಬರುತ್ತಿಲ್ಲ. ತೋರಿಸದೆಯೂ ಇದ್ದಿರಬಹುದು.

ಪಟ್ಟಿಯಲ್ಲಿ ನಾನು ಲೆಕ್ಕಕ್ಕೆ ಹಿಡಿಯದ ಸಂಗತಿ ಮಾವನ ಹೊಟ್ಟೆ. ಹೋಟೆಲಿನವರು ಗಿರಾಕಿಗಳ ಊಟದ ಹೊತ್ತಿನಲ್ಲಿ ಉಣ್ಣುವುದಿಲ್ಲ. ಮಧ್ಯಾಹ್ನದ ಗದ್ದಲ ಇಳಿದು, ಮೇಜುಗಳನ್ನೆಲ್ಲ ಒರೆಸಿ ಆದ ಮೇಲೆ, ಮೂರು ಗಂಟೆಗೆ ಅವರ ಊಟ. ಮಾವನಿಗೆ ನಲವತ್ತು ವರ್ಷದ ರೂಢಿ. ಆ ಹಳ್ಳಿಯಲ್ಲಾದರೋ ಹನ್ನೆರಡೂವರೆಗೆ ಊಟಕ್ಕೆ ಕೂತರೆ ಕೂತಿರಿ, ಎರಡಕ್ಕೆ ಅಡುಗೆಮನೆ ಬಂದ್, ಮತ್ತೆ ತೆರೆಯುವುದು ಏಳಕ್ಕೆ.

"ಮಾವಾ, ಹನ್ನೆರಡೂವರೆಗೆ ಹೋಗುವ. ಇಲ್ಲದಿದ್ರೆ ಊಟ ಇಲ್ಲ," ಎಂದು ಅಲ್ಲಿಗೆ ಹೋದ ಮೊದಲ ದಿನವೇ ಹೇಳಿದೆ.

"ಹನ್ನೆರಡೂವರೆಗೆ ನನಗೆ ಹಸಿವಿಲ್ಲ."

"ರಜೆಯಲ್ಲಿದ್ದೀರಿ!"

"ಹೊಟ್ಟೆಗೆ ಯಾರು ರಜೆ ಕೊಟ್ರು?"

ಎರಡನೇ ದಿನ ಸಂತೆ ಸುತ್ತಿ ಬರುವಾಗ ಸರಿಯಾಗಿ ಮೂರು ಗಂಟೆ. ಚೌಕದಲ್ಲಿದ್ದ ಹೋಟೆಲಿನ ಬಾಗಿಲು ತೆರೆದಿತ್ತು, ಒಳಗೆ ಉದ್ದನೆಯ ಮೇಜಿನಲ್ಲಿ ಆರೇಳು ಜನ ಉಣ್ಣುತ್ತಿದ್ದರು. ಅವರು ಅಲ್ಲಿ ಕೆಲಸ ಮಾಡುವವರು ಎಂದು ಮಾವನಿಗೆ ನೋಡಿದ ಕೂಡಲೇ ತಿಳಿಯಿತು. ತಿಳಿದೇ ಒಳಗೆ ಹೋಗಿ ಮೂಲೆಯ ಮೇಜಿಗೆ ಕೂತರು. ಮಾವನ ಹೋಟೆಲಿನಲ್ಲಿ ಕೆಲಸದವರು ಉಣ್ಣುವಾಗ ಗಿರಾಕಿ ಬಂದರೆ ಒಬ್ಬ ಕೈ ತೊಳೆದು ಏಳಲೇಬೇಕು. ಇಲ್ಲಿ ಯಾರೂ ಏಳಲಿಲ್ಲ. ಒಬ್ಬ ಹೆಂಗಸು ನಗುತ್ತಲೇ ಗಡಿಯಾರ ತೋರಿಸಿ ಏಳು ಬೆರಳು ಎತ್ತಿದಳು.

"ತಟ್ಟೆ ಎದುರಿಗಿಟ್ಕೊಂಡು ಗಿರಾಕಿಯನ್ನು ಓಡಿಸ್ತಾರಲ್ಲ ಇವರು!" ಮಾವ ಮನೆ ಮುಟ್ಟುವವರೆಗೂ ಬೈದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಇವಳೇ, ನಾಳೆಯಿಂದ ನೀನೇ ಒಂದು ಅನ್ನ ಸಾರು ಮಾಡಿಬಿಡು. ಈ ಊರನ್ನು ನಂಬಿ ಕೂರ್ಲಿಕ್ಕಾಗುವುದಿಲ್ಲ," ಅಂದರು.

"ನಾನು ಮಾಡ್ತೇನೆ," ಅಂದೆ ನಾನು.

"ನಿನ್ನ ಸಾರು ತಿಂದ್ರೆ ನಾಳೆಯೇ ವಾಪಸ್ ಹೋಗ್ಬೇಕಾದೀತು."

ಅತ್ತೆ ನಕ್ಕರು. ಚೀಲದ ತಳದಿಂದ ಸಾರಿನ ಪುಡಿಯ ಡಬ್ಬಿ ಹೊರಬಂತು. ಅದನ್ನು ಅವರು ಮುಂಬಯಿಯಿಂದಲೇ ತಂದಿದ್ದರು. ನಾನು ಇಷ್ಟೆಲ್ಲ ಯಾರಿಗಾಗಿ ಮಾಡಿದ್ದು ಎಂದು ಕಿರುಚಬೇಕೆನಿಸಿತು. ಕಿರುಚಿದೆನೋ ಏನೋ.

ಗುಹೆಯ ದಿನ ನಮಗೆ ಎರಡು ಗಂಟೆಯ ಟಿಕೆಟ್ ಇತ್ತು. ಟ್ಯಾಕ್ಸಿ ಒಂದು ಗಂಟೆಗೆ ಬರಬೇಕಿತ್ತು. ಹನ್ನೆರಡೂವರೆಯ ಸುಮಾರಿಗೆ ಸೀದ ವಾಸನೆ ಬಂತು. ಮಾವನ ಮೂರು ಗಂಟೆಗೆ ಕಟ್ಟಿಕೊಳ್ಳಲೆಂದು ಒಲೆಯ ಮೇಲಿಟ್ಟ ಅನ್ನ ತಳ ಹಿಡಿದಿತ್ತು, ಅತ್ತೆ ಇರಲಿಲ್ಲ.

"ಎಲ್ಲಿ ಹೋದ್ಳು ಇವಳು? ಭಾಷೆ ಬರುವುದಿಲ್ಲ, ಫೋನ್ ಮೇಜಿನ ಮೇಲೆ!" ಮಾವ ಬರಿಗಾಲಲ್ಲೇ ಬೀದಿಗಿಳಿದರು.

ಹುಡುಕಿದ್ದು ನಾನು. ಓಣಿಯ ಕೊನೆಯಲ್ಲಿ, ಹಿಂದಿನ ಕಾಲದಲ್ಲಿ ಊರಿನ ಹೆಂಗಸರೆಲ್ಲ ಸೇರಿ ಬಟ್ಟೆ ಒಗೆಯುತ್ತಿದ್ದ ಜಾಗವಿತ್ತು. ಹೆಂಚಿನ ಮಾಡು, ಅದರ ಕೆಳಗೆ ಕಲ್ಲಿನ ತೊಟ್ಟಿ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹರಿದುಹೋಗುವ ನೀರು. ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಇಳಿಜಾರು ಕಲ್ಲಿನ ಮೇಲೆ ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕಾಲು ನೀರಿಗೆ ಬಿಟ್ಟು, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು.

"ಅತ್ತೇ! ಟ್ಯಾಕ್ಸಿ ಬರ್ತದೆ, ಏಳಿ, ಟೈಮ್ ಆಯ್ತು!"

ಅವರು ಎದ್ದರು. ಸೆರಗಿನಲ್ಲಿ ಕಾಲು ಒರೆಸಿಕೊಂಡರು. ಏನೋ ಅಂದರು ಕೂಡ. ನಾನು ಆಗಲೇ ಮುಂದೆ ನಡೆದಿದ್ದರಿಂದ ಕೇಳಿಸಲಿಲ್ಲ.

ಗುಹೆಯಲ್ಲಿ ಮಾವ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಂತರು. ಈಗ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಉಪದೇಶ ಮಾಡುತ್ತಾರೆ: "ಫ್ರಾನ್ಸಿಗೆ ಹೋದ್ರೆ ಪ್ಯಾರಿಸ್ ಬಿಡಿ, ಹಳ್ಳಿಗೆ ಹೋಗಿ. ಗುಹೆ ನೋಡಲೇಬೇಕು. ಊಟ ಮಾತ್ರ ಕಟ್ಕೊಂಡು ಹೋಗಿ." ಕಟ್ಟಿಕೊಡುವವರು ಯಾರೆಂದು ಹೇಳುವುದಿಲ್ಲ. ನನಗೆ ಮೈ ಉರಿಯುತ್ತದೆ. ಆದರೆ ಮಾವನ ಮೇಲೆ ಎಷ್ಟು ಉರಿದುಕೊಂಡರೂ, ಆ ಕಲ್ಲಿನಿಂದ ಅತ್ತೆಯನ್ನು ಎಬ್ಬಿಸಿದ್ದು ಮಾವನಲ್ಲ.

ಕಳೆದ ಭಾನುವಾರ ಸಾಂತಾಕ್ರೂಜ್‌ಗೆ ಹೋಗಿದ್ದೆ. ಮಾವನ ಊಟಕ್ಕೆಂದು ಅತ್ತೆ ಅಲಸಂಡೆ ಮುರಿಯುತ್ತಿದ್ದರು. ಎದುರಿಗೆ ಕೂತು ನಾಲ್ಕು ಕಾಯಿ ಮುರಿದೆ. ಆಮೇಲೆ ಕೇಳಿದೆ:

"ಅತ್ತೆ, ಅವತ್ತು ಆ ನೀರಿನ ಹತ್ರ ನಾನು ಬಂದು ಕರೀದೆ ಇದ್ದಿದ್ರೆ, ನೀವು ಎಷ್ಟು ಹೊತ್ತು ಕೂತಿರ್ತಿದ್ರಿ?"

ಅವರು ನಾನು ಮುರಿದ ತುಂಡುಗಳನ್ನು ಎತ್ತಿ ನೋಡಿ, ಉದ್ದವಾಯಿತೆಂದು ಮತ್ತೆ ಎರಡೆರಡು ಮಾಡಿದರು. ಕೆಳಗಿನ ಹೋಟೆಲಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಇನ್ನೂ ಎರಡೂವರೆ, ಮಾವ ಊಟಕ್ಕೆ ಮೇಲೆ ಬರಲು ಅರ್ಧ ಗಂಟೆ ಇತ್ತು. ನಾನು ಇನ್ನೊಂದು ಕಾಯಿ ಎತ್ತಿಕೊಂಡು, ಈ ಸಲ ಸಣ್ಣಗೆ ಮುರಿಯುತ್ತ ಕಾದೆ.