ಸಾನ್ ಯಿ ಅವರ ಅರ್ಧ ಮೆಟ್ಟಿಲು

ಬೆಳಗಿನ ಐದು ಗಂಟೆ. ಕೆಳಗಿನ ಅಂಗಡಿಯ ಮೊಹಿಂಗಾ ಸಾರಿನ ಘಮ ಮೇಲೇರುವಷ್ಟರಲ್ಲಿ ದೋ ಸಾನ್ ಯಿ ಗಿರಾಕಿಯೊಬ್ಬರ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅಳತೆಪಟ್ಟಿ ಹಿಡಿದಿದ್ದಾರೆ. "ಒಂಬತ್ತೂವರೆ ಅಂಗುಲ. ಇದು ಮೆಟ್ಟಿಲಲ್ಲ ಕಣಮ್ಮ, ಗೋಡೆ," ಎಂದು ಪತ್ರಿಕೆಗೆ ಬರೆಯಲು ಬಂದ ನನ್ನತ್ತ ತಿರುಗಿ ಗೊಣಗುತ್ತಾರೆ.

ಯಾಂಗೋನಿನ ನಮ್ಮ ಪೇಟೆಯ ತುಂಬ ಲಿಫ್ಟ್ ಇಲ್ಲದ ಎಂಟು ಮಹಡಿಯ ಕಟ್ಟಡಗಳೇ. ಮೇಲಿನ ಮುದುಕರು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿ ತರಕಾರಿ ತರಿಸಿಕೊಳ್ಳುತ್ತಾರೆ. ತಾವು ಇಳಿಯುವುದು ಹೆಣವಾದ ಮೇಲೆ. ಮೊದಲು ಬೆತ್ತದ ಕುರ್ಚಿ ಹೆಣೆಯುತ್ತಿದ್ದ, ಈಗ ಅರವತ್ತಾರಾಗಿರುವ ಸಾನ್ ಯಿ ಇಂಥ ಮುದುಕರಿಗೆಂದೇ ಒಂದು ಬಗೆಯ ಕೋಲು ಮಾಡುತ್ತಾರೆ. ಅದರ ಬುಡದಲ್ಲಿ ಮೆಟ್ಟಿಲಿನ ಅರ್ಧ ಎತ್ತರದ ತೇಗದ ಮಣೆ, ಮಣೆಯಡಿ ಟೈರಿನ ರಬ್ಬರು. ಮೊದಲು ಮಣೆಯ ಮೇಲೆ ಕಾಲು, ಆಮೇಲೆ ಮೆಟ್ಟಿಲಿಗೆ. ಮೆಟ್ಟಿಲ ಎತ್ತರ ಕಟ್ಟಡಕ್ಕೊಂದಾದ್ದರಿಂದ ಪ್ರತಿ ಕೋಲಿಗೂ ಹೊಸ ಅಳತೆ. ತಿಂಗಳಿಗೆ ನಾಲ್ಕಾಗುತ್ತವೆ.

ಮೊದಲ ಕೋಲು ಗಂಡ ಊ ಬಾ ನ್ಯುನ್‌ಗೆ. ಹಿಡಿಗೆ ಬೆವರು ಹೀರುವ ಮೆತ್ತನೆಯ ಬಟ್ಟೆ ಬೇಕಿತ್ತು. ತಾವು ಉಟ್ಟು ಸವೆಸಿದ ಹೂವಿನಂಚಿನ ಥಮೇನನ್ನೇ ಹರಿದು ಸುತ್ತಿದರು. ಹೆಂಗಸಿನ ಸೊಂಟದ ಬಟ್ಟೆ ಮುಟ್ಟಿದರೆ ಗಂಡಸಿನ ತೇಜಸ್ಸು ಕುಗ್ಗುತ್ತದೆಂದು ನಮ್ಮಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು.

"ನಂಗೂ ಗೊತ್ತಿತ್ತು. ಮನೆಯವರೇ ಅಲ್ವಾ, ಏನಂದಾರು ಅಂದ್ಕೊಂಡೆ."

ಅವರು ಏನೂ ಅನ್ನಲಿಲ್ಲ. ಅಂದದ್ದು ಕೆಳಮನೆಯ ಊ ಪೆ ಥಾನ್: "ಏನಣ್ಣಾ, ಹೆಂಡ್ತಿ ಥಮೇನ್ ಹಿಡ್ಕೊಂಡು ಇಳೀತಿದೀಯಾ!" ಅಕ್ಕಪಕ್ಕದ ಬಾಗಿಲುಗಳಿಂದ ನಗು. ಮರುದಿನ ಬಾ ನ್ಯುನ್ ಕೋಲನ್ನು ಬಾಗಿಲಲ್ಲೇ ಬಿಟ್ಟು ಇಳಿದರು, ಎರಡನೇ ಮಹಡಿಯ ತಿರುವಿನಲ್ಲಿ ಬಿದ್ದರು, ಮತ್ತೆ ಏಳಲಿಲ್ಲ. ತೇಜಸ್ಸು ಉಳಿಯಿತು, ಮನುಷ್ಯ ಹೋದ. ಬರೆಯುವಾಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಪೆ ಥಾನರ ಮಂಡಿಯೂ ಕೈಕೊಟ್ಟಿತು. ಕೋಲು ಬೇಕೆಂದು ಬಂದವರು ಮೊದಲು ವಿಚಾರಿಸಿದ್ದು ಹಿಡಿಯ ಬಟ್ಟೆಯನ್ನೇ.

"'ನಮ್ಮನೆಯವರ ಹಳೇ ಲುಂಗಿ' ಅಂದೆ," ಸಾನ್ ಯಿ ರಬ್ಬರು ಕೊಯ್ಯುತ್ತಲೇ ಹೇಳುತ್ತಾರೆ. "ಮೇಲೊಂದು ಸುತ್ತು ಲುಂಗೀನೇ. ಒಳಗೆಲ್ಲ ನನ್ನ ಥಮೇನು. ದಿನಾ ಅದನ್ನೇ ಹಿಡ್ಕೊಂಡು ಟೀ ಅಂಗಡಿಗೆ ಇಳೀತಾನೆ. ಒಂದಿನಾನೂ ಬಿದ್ದಿಲ್ಲ."

ಇದನ್ನು ಪತ್ರಿಕೆಗೆ ಹಾಕಲೇ ಎಂದು ಕೇಳುತ್ತೇನೆ. ಅವರ ಕತ್ತಿ ನಿಲ್ಲುತ್ತದೆ.

"ಹಾಕಮ್ಮ, ಓದ್ಲಿ. ಕೋಲು ಬಿಡ್ತಾನೋ, ಹಠ ಬಿಡ್ತಾನೋ, ಅವನಿಷ್ಟ. ಆರಿಸ್ಕೊಳ್ಳೋಕೆ ಅವನಾದ್ರೂ ಬದುಕಿದಾನಲ್ಲ."