ಮೈಕಿನಲ್ಲಿ ಹೇಳಿದ ಹೆಸರು

ನಮ್ಮ ಊರಿಗಾಂ ಗಣಿ ಕಾರ್ಮಿಕರ ಲೈನು ಮನೆಗಳ ಪೆರುಮಾಳ್, ಚಿನ್ನದ ಗಣಿ ಮುಚ್ಚಿದಾಗ ಬಂದ ದುಡ್ಡಿನಲ್ಲಿ ಮೈಕ್‌ಸೆಟ್ ಕೊಂಡವನು. ತನ್ನ ಪಕ್ಷದ ಸಭೆಗಳಿಗೆಲ್ಲ ಅವನದೇ ಮೈಕು, ಮೊದಲ ಮಾತೂ ಅವನದೇ. ಅವನಿಗೊಂದು ಹಟವಿತ್ತು. ಪಕ್ಷಕ್ಕೆ ಯಾರು ಏನು ಕೊಟ್ಟರೂ ಹೆಸರನ್ನು ಮೈಕಿನಲ್ಲಿ ಹೇಳದೆ ಸಭೆ ಶುರು ಮಾಡುತ್ತಿರಲಿಲ್ಲ. ಅಂಗಡಿಯವನು ಟೀ ಕೊಡಲಿ, ಕಂಟ್ರಾಕ್ಟರು ಶಾಮಿಯಾನ ಹಾಕಿಸಲಿ, ಹೆಸರು ಬರಲೇಬೇಕು. "ಯಾರ ಅನ್ನ ತಿಂದು ಮಾತಾಡ್ತಾ ಇದೀವಿ ಅಂತ ಜನಕ್ಕೆ ಗೊತ್ತಿರ್ಬೇಕಪ್ಪಾ. ಹೆಸರು ಹೇಳ್ಬೇಡ ಅನ್ನೋನ ಹತ್ರ ಏನೂ ತಗೋಬಾರ್ದು," ಎನ್ನುತ್ತಿದ್ದ. ಗಣಿಯ ಕಾರ್ಮಿಕ ಸಂಘದಲ್ಲಿ ಕಲಿತ ಪಾಠವಂತೆ. ದೊಡ್ಡ ದೊಡ್ಡ ಪಕ್ಷಗಳಿಗಿಲ್ಲದ ಕಾನೂನು ಈ ಮುದುಕನಿಗೆ ಯಾಕೆ ಬೇಕಿತ್ತೋ! ನಾವು ನಗುತ್ತಿದ್ದೆವು. ಹೆಸರು ಬಂದಾಗ ಚಪ್ಪಾಳೆ ಮಾತ್ರ ತಪ್ಪದೆ ತಟ್ಟುತ್ತಿದ್ದೆವು.

ಕಾಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಮೊಸರು ತಂದು ಲೈನಿನಲ್ಲಿ ಮಾರುವವಳು ಮುನಿನಾರಾಯಣಮ್ಮ. ಅವಳ ಮನೆಯ ಹತ್ತಿರವೇ ಜಲ್ಲಿ ಕ್ರಷರ್. ಅಲ್ಲಿ ಬಂಡೆ ಸಿಡಿಸಿ ಸಿಡಿಸಿ ಅವಳ ಮನೆ ಗೋಡೆ ಬಾಯಿ ಬಿಟ್ಟಿತ್ತು, ಗಬ್ಬದ ಹಸು ಕಂದು ಹಾಕಿತ್ತು.

"ನಿಮ್ ಪಾರ್ಟಿಯೋರ ಕೈಲಿ ಒಂದ್ ಮಾತು ಕೇಳ್ಸಣ್ಣ. ಮೊಮ್ಮಕ್ಳು ಮಲಗಿರ್ವಾಗ ಗೋಡೆ ಬಿದ್ದೋದ್ರೆ ಯಾರು ಬತ್ತಾರೆ?"

"ಮುಂದಿನ ಸಭೆಗೆ ಬಾಮ್ಮಾ, ವೇದಿಕೆ ಮೇಲಿಂದ್ಲೇ ಕೇಳಿಸ್ತೀನಿ," ಎಂದು ಪೆರುಮಾಳ್ ಮಾತು ಕೊಟ್ಟ.

ಸಭೆಯ ದಿನ ಪೆರುಮಾಳ್ ಹೋಗಿ ನೋಡಿದರೆ ವೇದಿಕೆಯ ಎರಡೂ ಬದಿ ಆಳೆತ್ತರದ ಹೊಸ ಸ್ಪೀಕರುಗಳು.

"ಕ್ರಷರ್ ಮುನೀಂದ್ರಣ್ಣ ಪಾರ್ಟಿಗೆ ಕೊಟ್ಟಿದ್ದು," ಎಂದ ಪಕ್ಷದ ತಾಲೂಕು ಅಧ್ಯಕ್ಷ ಚಲಪತಿ. "ಎಸ್ರು ಮಾತ್ರ ಏಳ್ಬ್ಯಾಡ ಕಣಣ್ಣ, ಅವ್ರಿಗಿಷ್ಟ ಇಲ್ಲ."

"ಕ್ರಷರ್ ವಿಷಯ ಇವತ್ತು ಎತ್ತುತ್ತೀರಲ್ಲ?"

"ಆಮೇಲೆ ನೋಡನ ಬಿಡು," ಎಂದು ಚಲಪತಿ ಹೂವಿನ ಹಾರಗಳ ಕಡೆ ಹೊರಟುಹೋದ.

ಪೆರುಮಾಳ್‌ಗೆ ಮೈಯೆಲ್ಲ ಉರಿಯಿತು. ಜನ ತುಂಬುವವರೆಗೆ ಬಾಯಿ ಬಿಗಿಹಿಡಿದಿದ್ದು, ಆಮೇಲೆ ಆ ಹೊಸ ಮೈಕನ್ನೇ ಹಿಡಿದು ಒದರಿದ: "ಈ ಮೈಕು, ಈ ಸ್ಪೀಕರು ಪಕ್ಷಕ್ಕೆ ಕೊಟ್ಟವರು ಕಾಮಸಮುದ್ರದ ಕಡೆ ಬಂಡೆ ಸಿಡಿಸೋ ಕ್ರಷರ್ ಮಾಲೀಕರು, ಮುನೀಂದ್ರ!"

ಚಲಪತಿಯ ಮುಖ ಕಪ್ಪಿಟ್ಟಿತು. ಈಗ ಜನ ಎದ್ದು ಕೇಳುತ್ತಾರೆ ಎಂದು ಪೆರುಮಾಳ್ ಕಾದ.

ಜನ ಚಪ್ಪಾಳೆ ತಟ್ಟಿದರು. ಹೆಸರು ಬಂತಲ್ಲ, ಇಷ್ಟು ವರ್ಷದ ಅಭ್ಯಾಸ. ಹಿಂದೆ ಎಲ್ಲೋ ಮರೆಯಲ್ಲಿ ಕೂತಿದ್ದ ಮುನೀಂದ್ರ ಮೊದಲು ಬೆದರಿದ, ಆಮೇಲೆ ಎದ್ದು ಕೈ ಮುಗಿದ. ಚಪ್ಪಾಳೆ ಇನ್ನೂ ಜೋರಾಯಿತು. ಚಲಪತಿ ಓಡಿ ಹೋಗಿ ಅವನನ್ನು ವೇದಿಕೆಗೆ ಎಳೆತಂದ, ದೊಡ್ಡ ಹಾರವನ್ನೇ ಹಾಕಿದ. ಹೊಟ್ಟೆ ಉರಿಯುತ್ತದೆ ನೆನೆದರೆ. ಕದ್ದುಮುಚ್ಚಿ ಕೊಡಬೇಕೆಂದಿದ್ದವನಿಗೆ ಇನ್ನು ಮುಚ್ಚಿಡುವ ಅಗತ್ಯವೇ ಉಳಿಯಲಿಲ್ಲ.

ಮುನಿನಾರಾಯಣಮ್ಮ ಖಾಲಿ ಮೊಸರಿನ ಕುಕ್ಕೆ ಹಿಡಿದು ವೇದಿಕೆಯ ಪಕ್ಕಕ್ಕೆ ಬಂದಳು.

"ಅವ್ನ ಎಸ್ರು ಏಳ್ದೆ, ಸರಿ. ನನ್ ಗೋಡೆ ಮಾತು ಯಾವಾಗ ಏಳ್ತೀಯಣ್ಣ?"

ಪೆರುಮಾಳ್ ಮೈಕಿಗಾಗಿ ತಿರುಗಿ ನೋಡಿದ. ಅದು ಮುನೀಂದ್ರನ ಕೈಯಲ್ಲಿತ್ತು.