ಆಟಿಗೆ ಮೊದಲು ಸಿಕ್ಕ ವೀಸಾ

ನನ್ನ ಮಾವನವರದು ಚೆನ್ನೈನ ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲು. ಊರಿನ ಅಡುಗೆಯವರನ್ನು ದುಬೈಗೆ ಕಳುಹಿಸಿದ ಅನುಭವವಿದ್ದದ್ದರಿಂದ ವೀಸಾ ವಿಷಯದಲ್ಲಿ ಮನೆಯಲ್ಲಿ ಅವರ ಮಾತೇ ಕೊನೆಯದು. ನಾನು ಕಾರಿನ ಬಿಡಿಭಾಗಗಳ ವಿನ್ಯಾಸ ಮಾಡುವ ಎಂಜಿನಿಯರು. ಕಂಪನಿ ಇಂಗ್ಲೆಂಡಿಗೆ ಕರೆದಾಗ ನನ್ನೆದುರು ಎರಡು ದಾರಿಗಳಿದ್ದವು. ಚೆನ್ನೈ ಕಚೇರಿಯಿಂದ ವರ್ಗವಾಗಿ ಹೋಗುವ ವೀಸಾ ಬೇಗ ಸಿಗುತ್ತಿತ್ತು. ಆದರೆ ಎಷ್ಟು ದುಡಿದರೂ ಅಲ್ಲಿ ಕಾಯಂ ನೆಲೆಸುವ ಹಕ್ಕು ಬರುತ್ತಿರಲಿಲ್ಲ. ಅಲ್ಲಿನ ಕಚೇರಿಯೇ ನೇರವಾಗಿ ಕೆಲಸಕ್ಕೆ ತೆಗೆದುಕೊಂಡರೆ ಸಿಗುವ ವೀಸಾದಲ್ಲಿ ಆ ಹಕ್ಕಿಗೆ ದಾರಿಯಿತ್ತು. ಅದಕ್ಕೊಂದು ಇಂಗ್ಲಿಷ್ ಪರೀಕ್ಷೆ ಬರೆಯಬೇಕಿತ್ತು. ನನಗೆ ಅಲ್ಲೇ ನೆಲೆಸಿ ಮಗಳನ್ನು ಓದಿಸುವ ಆಸೆ. ಎರಡನೆಯದೇ ಸರಿ ಎಂದು ನಿರ್ಧರಿಸಿದ್ದೆ.

ಪರೀಕ್ಷೆಗೆ ಸಿಕ್ಕ ದಿನ ಆಟಿ ತಿಂಗಳಲ್ಲಿ ಬಂತು. ನಮ್ಮ ಕರಾವಳಿಯವರಿಗೆ ಆಟಿಯಲ್ಲಿ ಶುಭಕಾರ್ಯ ಕೂಡದು. ಮುಗಿಯಿತು ಕತೆ!

“ಆಟಿಯಲ್ಲಿ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರಾ ಮಾರಾಯ್ತಿ?” ಎಂದರು ಮಾವ.

“ಬರೀ ಪರೀಕ್ಷೆ ಮಾವ, ಮದುವೆ ಅಲ್ಲ.”

“ಎಂತದ್ದೇ ಆಗಲಿ. ಆಟಿಗೆ ಮೊದಲೇ ಹೊರಡುವ ವೀಸಾ ಉಂಟಲ್ಲ, ಅದಕ್ಕೇ ಹಾಕು. ಯಾವ ವೀಸಾ ಆದ್ರೆ ಎಂತ? ಕೆಲಸ ಒಂದೇ ಅಲ್ವಾ?”

ಆಟಿ ಕಳೆದ ಮೇಲೆ ಬರೆಯೋಣವೆಂದರೆ ಆ ಹುದ್ದೆ ಅಲ್ಲಿಯವರೆಗೆ ಕಾಯುತ್ತಿರಲಿಲ್ಲ. ನನ್ನ ಗಂಡನೋ, ಅವಲಕ್ಕಿಯ ತಟ್ಟೆ ಹಿಡಿದು ಅಡುಗೆಮನೆಗೆ ಎದ್ದುಹೋದರು. ತಮಿಳರಿಗೂ ಅದೇ ತಿಂಗಳು ಆಡಿ, ಟಿ. ನಗರದ ಅಂಗಡಿಗಳಲ್ಲೆಲ್ಲ ರಿಯಾಯಿತಿ. ಪ್ರತಿವರ್ಷ ಅಲ್ಲಿ ನುಗ್ಗಿ ಹೋಟೆಲಿಗೆ ಹೊಸ ಪಾತ್ರೆ ಕೊಳ್ಳುವಾಗ ಈ ಮನೆಯವರಿಗೆ ಆಟಿ ಅಡ್ಡ ಬಂದದ್ದನ್ನು ನಾನು ಕಂಡಿಲ್ಲ. ಸೊಸೆಯ ಬದುಕಿಗೆ ಮಾತ್ರ ಬಂತು.

ಆಟಿಗೆ ಮೊದಲೇ, ವರ್ಗಾವಣೆಯ ವೀಸಾದಲ್ಲೇ ಹೋದೆವು. ಮಗಳು ಅಲ್ಲಿನ ಶಾಲೆಗೆ ಸೇರಿದಳು, ಗೆಳತಿಯರನ್ನು ಮಾಡಿಕೊಂಡಳು. ವೀಸಾ ಬದಲಾಯಿಸಿಕೊಡಿ ಎಂದು ಅಲ್ಲಿನ ಕಚೇರಿಯಲ್ಲಿ ಅಂಗಲಾಚಿದೆ. ಆ ಹುದ್ದೆಗೆ ಬೇರೆಯವರು ಬಂದಾಗಿದೆ ಎಂದರು. ವೀಸಾದ ಅವಧಿ ಮುಗಿಯಿತು. ವಿಮಾನ ಹತ್ತುವಾಗ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳುವಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಆರಿಲ್ಲ.

ಚೆನ್ನೈಗೆ ಬಂದಿಳಿದದ್ದು ಯಾವಾಗ ಗೊತ್ತೇ? ನಡು ಆಟಿಯಲ್ಲಿ. ವೀಸಾ ಮುಗಿಯುವುದಕ್ಕೆ ಪಂಚಾಂಗ ಬೇಕೇ? ಆಟಿಯಲ್ಲಿ ಬಂದಿರಲ್ಲ ಎಂದು ಒಬ್ಬರೂ ಕೇಳಲಿಲ್ಲ. ಪೋರೂರಿನ ನಮ್ಮ ಮನೆಗೆ ಹೋಗುವ ಕಾರಿನಲ್ಲಿ ಮಾವ ಮುಂದಿನ ಸೀಟಿನಿಂದ ನನ್ನ ಕಡೆ ತಿರುಗಿದರು.

“ಬೇಜಾರು ಮಾಡ್ಬೇಡ ಮಗಾ. ಬೇರೆ ವೀಸಾಕ್ಕೆ ಹಾಕುವ. ಈ ಆಟಿ ಒಂದು ಕಳೀಲಿ.”